'ಬಾಲಕಿಯರೇ ಮೇಲುಗೈ' ಅಂತಾರಲ್ಲ, ಅದರ ಒಳಗಿನ ಲೆಕ್ಕ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮಾರನೇ ದಿನ ಯಾವ ಪೇಪರ್ ತೆಗೆದರೂ 'ಬಾಲಕಿಯರೇ ಮೇಲುಗೈ' ಅನ್ನುವ ಹೆಡ್ಡಿಂಗ್ ಇದ್ದೇ ಇರುತ್ತದೆ. 2024ರಲ್ಲಿ ರಾಜ್ಯದಲ್ಲಿ ಹುಡುಗಿಯರು ಶೇ 81.11 ಪಾಸು, ಹುಡುಗರು ಶೇ 65.90. 2025ರಲ್ಲಿ 74 ಮತ್ತು 58.07. ಎರಡು ವರ್ಷವೂ ಅಂತರ 15ಕ್ಕಿಂತ ಜಾಸ್ತಿ. ಸ್ಟಾಫ್ ರೂಮಿನಲ್ಲಿ ಇದನ್ನು ಓದಿ, 'ಹುಡುಗಿಯರು ಕೂತು ಓದುತ್ತಾರೆ, ಹುಡುಗರು ಊರು ಅಲೆಯುತ್ತಾರೆ, ಅಷ್ಟೇ' ಅಂತ ಹೇಳಿ, ಟೀ ಕುಡಿದು ಮುಂದಿನ ಪೀರಿಯಡ್‌ಗೆ ಹೋಗುವುದು ರೂಢಿ.

ನಾನು ಹೊಸನಗರ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಟೀಚರ್. ಗಣಿತ, ಜೊತೆಗೆ ವಿಜ್ಞಾನದಲ್ಲಿ ಭೌತಶಾಸ್ತ್ರದ ಪಾಠಗಳು ನನ್ನವು. ಈ 'ಅಷ್ಟೇ' ಅನ್ನೋದು ನನಗೆ ಯಾಕೋ ಸರಿಬರಲಿಲ್ಲ. ಅಕ್ಕಪಕ್ಕದ ಎರಡು ಶಾಲೆ ತೆಗೆದುಕೊಳ್ಳಿ. ಅದೇ ಮಳೆ, ಅದೇ ಅಡಿಕೆ ತೋಟ, ಒಂದೇ ಥರದ ಮನೆಗಳಿಂದ ಬರುವ ಮಕ್ಕಳು. ಒಂದರಲ್ಲಿ ಹುಡುಗರು ಹುಡುಗಿಯರ ಹತ್ತತ್ತಿರ ಬಂದಿರುತ್ತಾರೆ, ಇನ್ನೊಂದರಲ್ಲಿ ಎಲ್ಲೋ ಕೆಳಗೆ ಬಿದ್ದಿರುತ್ತಾರೆ. ಎಲ್ಲಾ ಹುಟ್ಟುಗುಣ ಅಂತಾದರೆ ಎರಡೂ ಕಡೆ ಅಂತರ ಒಂದೇ ಇರಬೇಕಿತ್ತಲ್ವಾ? ಮನೆ ಒಂದೇ ಥರ ಇದ್ದು ಫಲಿತಾಂಶ ಬೇರೆ ಅಂದಮೇಲೆ ಶಾಲೆಯೊಳಗೇ ಏನೋ ನಡೆಯುತ್ತಿರಬೇಕು. ಅದನ್ನು ಹುಡುಕಿಕೊಂಡು ನಾವು ಕೆಲವರು ಏನೇನು ಮಾಡಿದೆವು, ಯಾವುದು ಹಿಡಿಯಿತು, ಯಾವುದು ಹಿಡಿಯಲಿಲ್ಲ ಅಂತ ಬರೆಯುತ್ತಿದ್ದೇನೆ.

ಮೊದಲು ಮಾಡಿದ ಕೆಲಸ ಹಳೇ ಮಾರ್ಕ್ಸ್ ರಿಜಿಸ್ಟರ್ ತೆಗೆದು ಹುಡುಗರದ್ದು, ಹುಡುಗಿಯರದ್ದು ವಿಷಯವಾರು ಬೇರೆ ಬೇರೆ ಕೂಡಿಸಿದ್ದು. ಪಾಸ್ ಶೇಕಡಾ ಒಂದನ್ನೇ ನೋಡಿದರೆ ಏನೂ ಗೊತ್ತಾಗೋದಿಲ್ಲ, ಬಿಡಿಸಿದರೆ ಚಿತ್ರವೇ ಬೇರೆ. ಕನ್ನಡ, ಸಮಾಜದಲ್ಲಿ ಹುಡುಗರು ತುಂಬಾ ಹಿಂದೆ. ಗಣಿತದಲ್ಲಿ ಅಂತರ ಅಷ್ಟಿಲ್ಲ. ಗಣಿತದಲ್ಲಿ 80ಕ್ಕೆ 70 ದಾಟಿದವರ ಸಾಲಿಗೆ ಬಂದರೆ, ಒಟ್ಟು ಪಾಸಿನಲ್ಲಿ ಅಷ್ಟು ಮುಂದಿರುವ ಹುಡುಗಿಯರು ಅಲ್ಲಿ ಮುಂದಿಲ್ಲ. ಇದು ನಮ್ಮೂರಿನದಷ್ಟೇ ಕಥೆಯಲ್ಲ. 15 ವರ್ಷದ ಮಕ್ಕಳಿಗೆ ಬೇರೆ ಬೇರೆ ದೇಶಗಳಲ್ಲಿ ನಡೆಸುವ ಪೀಸಾ ಪರೀಕ್ಷೆಯಲ್ಲಿ, 2022ರಲ್ಲಿ ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಒಕ್ಕೂಟ) ದೇಶಗಳ ಸರಾಸರಿ ನೋಡಿದರೆ ಓದಿನಲ್ಲಿ ಹುಡುಗಿಯರು 24 ಅಂಕ ಮುಂದೆ, ಗಣಿತದಲ್ಲಿ ಹುಡುಗರು 9 ಅಂಕ ಮುಂದೆ. ಅಂದರೆ 'ಮೇಲುಗೈ' ಅನ್ನುವ ಒಂದು ಪದದೊಳಗೆ ಎರಡು ಬೇರೆ ಬೇರೆ ತೊಂದರೆ ಕೂತಿವೆ. ಹುಡುಗರದ್ದು ಒಂದು, ಹುಡುಗಿಯರದ್ದು ಇನ್ನೊಂದು. ಎರಡಕ್ಕೂ ಮದ್ದು ಒಂದೇ ಆಗುವುದಿಲ್ಲ.

ಶುರು ಮಾಡಿದ್ದು ಹಾಜರಿ ಪುಸ್ತಕದಿಂದ. ನಮ್ಮಲ್ಲಿ ಮೊದಲು ಹುಡುಗರ ಹೆಸರು, ಅವರದು ಮುಗಿದ ಮೇಲೆ ಹುಡುಗಿಯರದು. ಇದರಲ್ಲಿ ಎಂತ ಮಹಾ ಅನ್ನಿಸಬಹುದು. ಆದರೆ ಶಾಲೆಯಲ್ಲಿ ಎಲ್ಲವೂ ನಡೆಯುವುದು ರೋಲ್ ನಂಬರ್ ಮೇಲೆ. ಲ್ಯಾಬ್ ಗುಂಪು, ಬೋರ್ಡಿಗೆ ಬಂದು ಲೆಕ್ಕ ಬಿಡಿಸುವುದು, ಪ್ರಾಜೆಕ್ಟ್ ವಿಷಯ ಆರಿಸಿಕೊಳ್ಳುವುದು, ಎಲ್ಲಾ 1ರಿಂದ ಶುರು. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಹುಡುಗಿಯರ ಗುಂಪಿಗೆ ಸಾಮಾನು ಬರುವಷ್ಟರಲ್ಲಿ ಸೆಲ್ ವೀಕ್ ಆಗಿರುತ್ತದೆ, ಟೈಮೂ ಮುಗಿದಿರುತ್ತದೆ. ಯಾರೂ ಬೇಕು ಅಂತ ಮಾಡಿದ್ದಲ್ಲ, ಪುಸ್ತಕದ ಸಾಲೇ ಹಾಗಿದೆ. ನಾನು ಒಂದು ವಾರ ಮೇಲಿನಿಂದ, ಒಂದು ವಾರ ಕೆಳಗಿನಿಂದ ಕರೆಯಲು ಶುರು ಮಾಡಿದೆ. ದುಡ್ಡಿಲ್ಲದ, ಯಾರ ಪರ್ಮಿಷನ್ನೂ ಬೇಡದ ಕೆಲಸ ಇದೊಂದೇ ಇರಬೇಕು.

ಲ್ಯಾಬ್ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮದು ದೊಡ್ಡ ಲ್ಯಾಬ್ ಏನಲ್ಲ, ಎರಡು ಕಬ್ಬಿಣದ ಬೀರು, ಒಂದು ಉದ್ದನೆ ಮೇಜು. ಮಿಶ್ರ ಗುಂಪು ಮಾಡಿದರೆ ಏನಾಗುತ್ತದೆ ಗೊತ್ತಾ? ಹುಡುಗ ವೈರ್ ಹಿಡಿಯುತ್ತಾನೆ, ಹುಡುಗಿ ಪೆನ್ನು ಹಿಡಿಯುತ್ತಾಳೆ. ಹೇಳಿಕೊಡಬೇಕಾಗಿಯೇ ಇಲ್ಲ, ತಾವಾಗಿಯೇ ಹಂಚಿಕೊಂಡುಬಿಡುತ್ತಾರೆ. ಅವಳ ರೆಕಾರ್ಡ್ ಬುಕ್ಕಿನಲ್ಲಿ ಓಮ್‌ನ ನಿಯಮದ ಚಿತ್ರ ಸ್ಕೇಲಿಟ್ಟು ಗೆರೆ ಎಳೆದು ಚೆಂದ ಬರೆದಿರುತ್ತದೆ. ಅವನ ರೆಕಾರ್ಡ್ ಬುಕ್ಕೇ ಇರುವುದಿಲ್ಲ. ಪರೀಕ್ಷೆಯಲ್ಲಿ ಅವಳು ಆ ಚಿತ್ರ ಬರೆದು ಮಾರ್ಕ್ಸ್ ತೆಗೆಯುತ್ತಾಳೆ, ಇವನಿಗೆ ಗೊತ್ತಿದ್ದರೂ ಬರೆಯಲು ಬರುವುದಿಲ್ಲ. ಇಬ್ಬರಿಗೂ ಅರ್ಧರ್ಧವೇ ದಕ್ಕಿದ್ದು. ಅದಕ್ಕೆ ಒಂದು ನಿಯಮ ಮಾಡಿದೆ. ಒಂದು ಸಲ ಜೋಡಿಸಿದವರು ಮುಂದಿನ ಸಲ ಬರೆಯಬೇಕು, ಬರೆದವರು ಜೋಡಿಸಬೇಕು. ಜೋಡಿಸುವವರ ಸರದಿ ಇದ್ದಾಗ ಉಳಿದವರು ಕೈ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ಬಾಯಲ್ಲಿ ಹೇಳಬಹುದು, ಮುಟ್ಟುವ ಹಾಗಿಲ್ಲ.

ಹತ್ತನೇ ಕ್ಲಾಸಿನ ಒಬ್ಬಳು, ಬಾಯೇ ಬಿಡದ ಹುಡುಗಿ, ಅಮ್ಮೀಟರ್ ಜೋಡಿಸುವ ಸರದಿ ಬಂತು. ಸೆಲ್, ಕೀ, ನೈಕ್ರೋಮ್ ತಂತಿ ಎಲ್ಲಾ ಸರಿಯಾಗಿಯೇ ಕೂರಿಸಿದಳು. ಕೀ ಹಾಕಿದ ತಕ್ಷಣ ಮುಳ್ಳು ಸೊನ್ನೆಯಿಂದ ಎಡಕ್ಕೆ ಹೊಡೆದು ಅಲ್ಲೇ ಅದುರುತ್ತಾ ನಿಂತಿತು. ಪಕ್ಕದಲ್ಲಿದ್ದ ಹುಡುಗನಿಗೆ ತಡೆಯಲಿಕ್ಕೇ ಆಗುತ್ತಿಲ್ಲ, 'ಮೇಡಂ, ಉಲ್ಟಾ ಆಯ್ತು, ಉಲ್ಟಾ' ಅಂತ ಕೈ ಮುಂದೆ ತಂದ. 'ಕೈ ಹಿಂದೆ ಮಾರಾಯ' ಅಂದೆ. ಅವಳು ಕೀ ತೆಗೆದಳು. ಅಮ್ಮೀಟರನ್ನು ಒಂದು ನಿಮಿಷ ನೋಡಿದಳು, ಕೆಂಪು ಸ್ಕ್ರೂ, ಕಪ್ಪು ಸ್ಕ್ರೂ. ಆಮೇಲೆ ಸೆಲ್ಲಿನ ಪ್ಲಸ್‌ನಿಂದ ವೈರನ್ನು ಬೆರಳಲ್ಲಿ ಹಿಡಿದುಕೊಂಡು ಬಂದು ನೋಡಿ, ಎರಡೂ ತುದಿ ಅದಲು ಬದಲು ಮಾಡಿ ಮತ್ತೆ ಕೀ ಹಾಕಿದಳು. ಮುಳ್ಳು ಬಲಕ್ಕೆ ಹೋಯಿತು. 'ಕರೆಂಟ್ ಈ ಕಡೆಯಿಂದ ಹೋಗ್ಬೇಕಿತ್ತಾ ಮೇಡಂ?' ಅಂತ ಕೇಳಿದಳು. ಆ ವರ್ಷ ಅವಳು ನನ್ನ ಹತ್ತಿರ ಕೇಳಿದ ಮೊದಲ ಪ್ರಶ್ನೆ ಅದೇ ಇರಬೇಕು. ಅವನು ಕೈ ಹಾಕಿದ್ದರೆ ಎರಡು ಸೆಕೆಂಡಿನಲ್ಲಿ ಸರಿಯಾಗುತ್ತಿತ್ತು, ಪ್ರಶ್ನೆ ಮಾತ್ರ ಹುಟ್ಟುತ್ತಿರಲಿಲ್ಲ.

ಪ್ರಶ್ನೆ ಅಂದ ಕೂಡಲೆ ಇನ್ನೊಂದು ವಿಷಯ. ಟೀಚರ್ ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯುತ್ತಾರೆ ಅಂತ ಅಮೆರಿಕದ ಮೇರಿ ಬಡ್ ರೋ ಅನ್ನುವವರು 1970ರ ದಶಕದಲ್ಲೇ ಅಳೆದಿದ್ದರು. ಸುಮಾರು ಒಂದು ಸೆಕೆಂಡು! ಅದನ್ನು ಮೂರು ಸೆಕೆಂಡು ಮಾಡಿದರೆ ಸಾಮಾನ್ಯವಾಗಿ ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ನಮ್ಮ ಕಡೆ ಯಾವುದಾದರೂ ಕ್ಲಾಸಿನ ಹಿಂದೆ ಕೂತು ನೋಡಿ, ಒಂದು ಸೆಕೆಂಡಿನಲ್ಲಿ ಕೂಗಿ ಉತ್ತರ ಹೇಳುವುದು ಮೂರು ನಾಲ್ಕು ಹುಡುಗರು ಮಾತ್ರ. ತಪ್ಪೋ ಸರಿಯೋ, ಕೂಗುತ್ತಾರೆ. ಹುಡುಗಿಯರು ಪಕ್ಕದವಳ ಹತ್ತಿರ ಪಿಸುಗುಟ್ಟಿ, ಸರಿ ಅಂತ ಖಾತ್ರಿ ಆದಮೇಲೆ ಹೇಳುವವರು. ಅಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ. ನನ್ನ ಕ್ಲಾಸಿನಲ್ಲಿ ಈಗ ಕೂಗಿ ಹೇಳಿದ ಉತ್ತರಕ್ಕೆ ಕಿವಿ ಇಲ್ಲ. ಎಲ್ಲರೂ ನೋಟಿನ ಹಿಂಬದಿಯಲ್ಲಿ ಉತ್ತರ ಬರೆದುಕೊಳ್ಳಬೇಕು, ಆಮೇಲೆ ನಾನು ಹೆಸರು ಕರೆಯುತ್ತೇನೆ.

ಗಣಿತಕ್ಕೆ ಮಹಿಳಾ ಟೀಚರ್ ಇದ್ದರೆ ಹುಡುಗಿಯರಿಗೆ ಒಳ್ಳೆಯದಾ ಅಂತ ಕೆಲವರು ಕೇಳುತ್ತಾರೆ. ಆಂಧ್ರದ ಸರ್ಕಾರಿ ಶಾಲೆಗಳ ಬಗ್ಗೆ ಮುರಳೀಧರನ್ ಮತ್ತು ಶೇಠ್ ಮಾಡಿದ ಅಧ್ಯಯನದಲ್ಲಿ ಹೌದು ಅಂತ ಇದೆ. ಮಹಿಳಾ ಟೀಚರ್ ಇದ್ದಾಗ ಹುಡುಗಿಯರು ಜಾಸ್ತಿ ಕಲಿತರು, ಹುಡುಗರಿಗೆ ಅದರಿಂದ ನಷ್ಟವೂ ಆಗಲಿಲ್ಲ. ಆದರೆ ಸೀರೆ ಉಟ್ಟ ಮಾತ್ರಕ್ಕೆ ಕೆಲಸ ಆಗುವುದಿಲ್ಲ. 2010ರಲ್ಲಿ ಅಮೆರಿಕದ ಬೈಲಾಕ್ ಮತ್ತು ಜೊತೆಗಾರರು ಒಂದನೇ, ಎರಡನೇ ಕ್ಲಾಸಿನ ಮಹಿಳಾ ಟೀಚರ್‌ಗಳನ್ನು ನೋಡಿದರು. ಟೀಚರಿಗೇ ಲೆಕ್ಕದ ಭಯ ಜಾಸ್ತಿ ಇದ್ದ ಕಡೆ, ವರ್ಷದ ಕೊನೆಗೆ 'ಲೆಕ್ಕ ಹುಡುಗರಿಗೆ, ಓದು ಹುಡುಗಿಯರಿಗೆ' ಅಂತ ನಂಬುವ ಹುಡುಗಿಯರು ಹೆಚ್ಚಾಗಿದ್ದರು, ಅವರ ಗಣಿತವೂ ಕುಸಿದಿತ್ತು. ಹುಡುಗರ ಮೇಲೆ ಆ ಪರಿಣಾಮ ಕಾಣಲಿಲ್ಲ. ಪ್ರೈಮರಿ ಟೀಚರ್‌ಗಳು ಮಕ್ಕಳ ಎದುರಿಗೆ 'ನಂಗೂ ಲೆಕ್ಕ ಅಂದ್ರೆ ಆಗ್ತಿರ್ಲಿಲ್ಲ' ಅಂತ ನಗಾಡುವುದನ್ನು ಎಷ್ಟು ಸಲ ಕೇಳಿದ್ದೇನೋ. ತಮಾಷೆಗೇ ಹೇಳುವುದು. ಆದರೆ ಅದನ್ನು ಕಿವಿಗೆ ಹಾಕಿಕೊಳ್ಳುವುದು ಮುಂದಿನ ಬೆಂಚಿನ ಹುಡುಗಿಯರು.

ಇನ್ನು ಟಾಯ್ಲೆಟ್. ನಗಬೇಡಿ, ಗಣಿತದ ಮಾರ್ಕ್ಸಿಗೂ ಇದಕ್ಕೂ ನೇರ ಸಂಬಂಧ ಇದೆ. ಹುಡುಗಿಯರ ಗೈರುಹಾಜರಿಯನ್ನು ತಿಂಗಳವಾರು ನೋಡಿದರೆ ಒಬ್ಬೊಬ್ಬಳದೂ ತಿಂಗಳಿಗೆ ಎರಡು ಮೂರು ದಿನ ಒಟ್ಟಿಗೆ ಖಾಲಿ. ಗಣಿತದಲ್ಲಿ ಎರಡು ದಿನ ತಪ್ಪಿದರೆ ವರ್ಗ ಸಮೀಕರಣದ ಎರಡನೇ ವಿಧಾನ ಪೂರ್ತಿ ತಪ್ಪಿತು ಅಂತಲೇ ಅರ್ಥ. ಕನ್ನಡ ಪದ್ಯವನ್ನು ಮನೆಯಲ್ಲಿ ಓದಿಕೊಳ್ಳಬಹುದು, ಇದನ್ನು ಯಾರು ಹೇಳಿಕೊಡುತ್ತಾರೆ? ನಮ್ಮಲ್ಲಿ ಟಾಯ್ಲೆಟ್ ಕಟ್ಟಡ ಇತ್ತು, ಬೋರ್ಡೂ ಇತ್ತು. ನೀರಿರಲಿಲ್ಲ. ಮಲೆನಾಡಿನ ತಮಾಷೆ ನೋಡಿ, ಜುಲೈನಲ್ಲಿ ಹೊರಗೆ ಆಕಾಶವೇ ತೂತು ಬಿದ್ದಿರುತ್ತದೆ, ಒಳಗೆ ನಲ್ಲಿ ಒಣಗಿರುತ್ತದೆ, ಯಾಕೆಂದರೆ ಎಲ್ಲೋ ಮರ ಬಿದ್ದು ಕರೆಂಟ್ ಹೋಗಿ ಮೋಟರ್ ನಿಂತು ನಾಲ್ಕು ದಿನ ಆಗಿರುತ್ತದೆ. ಎಸ್‌ಡಿಎಂಸಿಯ (ಶಾಲೆಯ ಅಭಿವೃದ್ಧಿ, ಮೇಲುಸ್ತುವಾರಿ ಸಮಿತಿ) ಒಬ್ಬರು ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಹೆಂಚಿನ ಸೂರಿಗೆ ಕಟ್ಟಿ, ಕೆಳಗೆ ಎರಡು ಡ್ರಮ್ ಇಟ್ಟುಕೊಟ್ಟರು. ಬಾಗಿಲಿಗೆ ಒಳಗಿನಿಂದ ಚಿಲಕ, ಮುಚ್ಚಳ ಇರುವ ಒಂದು ಬಕೆಟ್ಟು. ಸರ್ಕಾರದ ಶುಚಿ ಯೋಜನೆಯ ಮುಟ್ಟಿನ ಪ್ಯಾಡ್ ಬಂದಾಗ ಅದನ್ನು ಕೇಳಲು ಹುಡುಗಿಯರು ಹೆಚ್.ಎಂ. ರೂಮಿಗೆ ಹೋಗುವುದಿಲ್ಲ, ಅದಕ್ಕೇ ಅಡುಗೆಯ ಅಕ್ಕನ ಹತ್ತಿರ ಇಟ್ಟೆವು. ಅಂಜಲಿ ಅಡೂಕಿಯ ಅನ್ನುವ ಸಂಶೋಧಕಿ ಭಾರತದ ಶಾಲಾ ಶೌಚಾಲಯಗಳ ಬಗ್ಗೆ ಮಾಡಿದ ಅಧ್ಯಯನದಲ್ಲಿ ಇದೇ ಬರುತ್ತದೆ. ಚಿಕ್ಕ ಮಕ್ಕಳಿಗೆ ಯಾವ ಟಾಯ್ಲೆಟ್ ಆದರೂ ಉಪಯೋಗವೇ, ದೊಡ್ಡ ಹುಡುಗಿಯರ ದಾಖಲಾತಿ ಹೆಚ್ಚುವುದು ಅವರಿಗೇ ಅಂತ ಬೇರೆ ಟಾಯ್ಲೆಟ್ ಇದ್ದಾಗ. ನಮ್ಮಲ್ಲಿ ಆ ಖಾಲಿ ದಿನಗಳು ಪೂರ್ತಿ ಹೋಗಲಿಲ್ಲ, ಕಡಿಮೆಯಾದವು.

ಈಗ ಹುಡುಗರ ವಿಷಯ. ನಿಜ ಹೇಳಬೇಕೆಂದರೆ ಕಷ್ಟ ಇದೇ.

2012ರಲ್ಲಿ ಲೆಗೆವೀ ಮತ್ತು ಡಿಪ್ರೀಟ್ ಅನ್ನುವ ಸಮಾಜಶಾಸ್ತ್ರಜ್ಞರು ಬರ್ಲಿನ್ ಶಾಲೆಗಳ ಮಾಹಿತಿ ಇಟ್ಟುಕೊಂಡು ಒಂದು ಲೇಖನ ಬರೆದಿದ್ದರು. ಸಾರ ಇಷ್ಟು: ಶಾಲೆಯ ವಾತಾವರಣ ಹುಡುಗಿಯರಿಗಿಂತ ಹುಡುಗರಿಗೆ ಜಾಸ್ತಿ ತಾಗುತ್ತದೆ. ಓದುವ ಮನೆಗಳ ಮಕ್ಕಳು ಹೆಚ್ಚಿರುವ ಕ್ಲಾಸಿನಲ್ಲಿ ಹುಡುಗರು ಚೆನ್ನಾಗಿ ಮೇಲೆ ಬರುತ್ತಾರೆ, ಇಲ್ಲದ ಕಡೆ ಜೋರಾಗಿ ಕೆಳಗೆ ಹೋಗುತ್ತಾರೆ. ಹುಡುಗಿಯರು ಎರಡೂ ಕಡೆ ಅಷ್ಟು ಅಲ್ಲಾಡುವುದಿಲ್ಲ. ಕಾರಣ ಅವರು ಹೇಳುವುದು ಗೆಳೆಯರ ಗುಂಪು. ಓದುವುದನ್ನು ಕೀಳಾಗಿ ನೋಡುವುದೇ ಗಂಡಸುತನ ಅನ್ನುವ ನಂಬಿಕೆ ಆ ಗುಂಪಿನಲ್ಲಿ ಬೆಳೆಯುತ್ತದೋ, ಇಲ್ಲ ಶಾಲೆ ಅದನ್ನು ಬೆಳೆಯಲು ಬಿಡುವುದಿಲ್ಲವೋ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಓದಿದಾಗ ನನಗೆ ನಮ್ಮ ಒಂಬತ್ತನೇ ಕ್ಲಾಸಿನ ಹಿಂದಿನ ಎರಡು ಬೆಂಚು ಕಣ್ಣಿಗೆ ಬಂತು. ಅಲ್ಲಿ ಯಾರಾದರೂ ಹೋಂವರ್ಕ್ ಮಾಡಿಕೊಂಡು ಬಂದರೆ 'ಎಂತ, ಹೆಂಗ್ಸಾದ್ಯಾ?' ಅಂತ ಕೇಳುತ್ತಾರೆ. ಆ ಒಂದು ಮಾತಿಗೆ ಎಷ್ಟು ನೋಟ್ ಬುಕ್ ಖಾಲಿ ಉಳಿದಿವೆಯೋ.

ಇದಕ್ಕೆ ಮನೆಯ ಕಡೆಯಿಂದಲೂ ಕುಮ್ಮಕ್ಕು ಇದೆ. ಅಕ್ಟೋಬರ್ ಬಂತು ಅಂದರೆ ಅಡಿಕೆ ಕೊನೆ (ಗೊನೆ) ಕೊಯ್ಲು. ಹದಿನೈದು ವರ್ಷದ ಹುಡುಗ ಕೊನೆ ಹೊರಲು, ಉದುರು ಹೆಕ್ಕಲು ಹೋದರೆ ಕೈಗೆ ದುಡ್ಡು ಬರುತ್ತದೆ. ಆ ದುಡ್ಡಲ್ಲಿ ಮೊಬೈಲಿಗೆ ರೀಚಾರ್ಜ್, ಅಣ್ಣನ ಬೈಕಿಗೆ ಪೆಟ್ರೋಲು. ಅವನ ಪಾಲಿಗೆ ಆಗಲೇ ಗಂಡಸಾಗಿದ್ದಾನೆ, ಕ್ಲಾಸಿಗೆ ಬಂದು ಸಣ್ಣ ಹುಡುಗನ ಹಾಗೆ ಕೈಕಟ್ಟಿ ಕೂರುವುದು ಯಾರಿಗೆ ಬೇಕು? 'ಇವನಿಗೆ ಓದು ಹತ್ತಲ್ಲ ಮೇಡಂ, ಪಾಸಾದ್ರೆ ಸಾಕು' ಅಂತ ಅವನೆದುರೇ ಅಪ್ಪ ಹೇಳುತ್ತಾರೆ.

ನಮ್ಮ ಪಿಇ (ದೈಹಿಕ ಶಿಕ್ಷಣ) ಸಾರ್ ಇಲ್ಲದಿದ್ದರೆ ಇದರಲ್ಲಿ ಏನೂ ಆಗುತ್ತಿರಲಿಲ್ಲ. ಹಿಂದಿನ ಬೆಂಚಿನ ಹೀರೋಗಳೆಲ್ಲ ವಾಲಿಬಾಲ್ ಟೀಮಿನವರು. ಸಾರ್ ಒಂದು ಶರತ್ತು ಹಾಕಿದರು: ಸಂಜೆ ನೆಟ್ ಕಟ್ಟುವ ಮೊದಲು ಅರ್ಧ ಗಂಟೆ ಎಲ್ಲರೂ ಜಗಲಿಯಲ್ಲಿ ಕೂತು ಓದಬೇಕು, ಅವರೂ ಪಕ್ಕದಲ್ಲಿ ಪೇಪರ್ ಹಿಡಿದು ಕೂರುತ್ತಾರೆ. ನಾನು ಹೇಳಿದ್ದರೆ ಶಿಕ್ಷೆ ಅನ್ನಿಸುತ್ತಿತ್ತು. ಸಾರ್ ಹೇಳಿದ್ದಕ್ಕೆ ಅದು ಆಟದ ಭಾಗ ಆಯಿತು. ಟೀಮಿನ ಕ್ಯಾಪ್ಟನ್ ಓದಲು ಕೂತ ಮೇಲೆ ಬೇರೆಯವರನ್ನು 'ಹೆಂಗ್ಸು' ಅನ್ನುವವರು ಯಾರು?

ಓದು ಅಂದರೆ ಪಠ್ಯಪುಸ್ತಕದಿಂದ ಶುರು ಮಾಡಲಿಲ್ಲ. ಒಂಬತ್ತನೇ ಕ್ಲಾಸಿಗೆ ಬಂದರೂ ಒಂದು ಪ್ಯಾರಾ ತಡವರಿಸದೆ ಓದಲು ಬಾರದ ಹುಡುಗರಿದ್ದಾರೆ, ಹೇಳಿಕೊಳ್ಳಲು ನಾಚಿಕೆ ಪಡುತ್ತಾರೆ. ಪೇಪರಿನಲ್ಲಿ ಬರುವ ಶಿವಮೊಗ್ಗ ಅಡಿಕೆ ಮಾರುಕಟ್ಟೆ ಧಾರಣೆ ಕತ್ತರಿಸಿಟ್ಟೆವು. ರಾಶಿ, ಬೆಟ್ಟೆ, ಸರಕು, ಗೊರಬಲು. ಈ ಪದಗಳನ್ನು ಓದಲು ಯಾರಿಗೂ ನಾಚಿಕೆ ಇಲ್ಲ, ಮನೆಯಲ್ಲಿ ದಿನಾ ಕೇಳುವ ಮಾತು. ಅದರ ಪಕ್ಕದ ಸುದ್ದಿ, ಆಮೇಲೆ ಎಲೆಚುಕ್ಕಿ ರೋಗದ ಬಗ್ಗೆ ಬಂದ ಬರಹ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲೆಸುವ ಕ್ರಮ, ಹೀಗೆ ಉದ್ದನೆ ಬರಹಕ್ಕೆ ಬಂದರು. ಕ್ವಿಂಟಾಲ್ ದರ ಇಟ್ಟುಕೊಂಡು ಶೇಕಡಾವಾರು ಲೆಕ್ಕ ನಾನು ಮಾಡಿಸಿದೆ. ಎಲ್ಲರೂ ಹಿಡಿದುಕೊಳ್ಳಲಿಲ್ಲ. ಕೊಯ್ಲಿನ ಹೊತ್ತಿಗೆ ನಾಪತ್ತೆಯಾದವರು ಕೆಲವರು ನಾಪತ್ತೆಯೇ. ಆದರೆ ಸಮಾಜ, ಕನ್ನಡದಲ್ಲಿ ಹುಡುಗರು ಉತ್ತರ ಪತ್ರಿಕೆಯನ್ನು ಖಾಲಿ ಬಿಟ್ಟು ಏಳುವುದು ಕಡಿಮೆಯಾಯಿತು ಅಂತ ಆ ವಿಷಯದವರೇ ಹೇಳಿದರು.

ಪೇಪರ್ ತಿದ್ದುವುದರಲ್ಲೂ ಒಂದು ಬದಲಾವಣೆ ಮಾಡಿದೆವು. ಹತ್ತನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯ ಪೇಪರ್ ತಿದ್ದುವವರಿಗೆ ಅದು ಯಾರದ್ದು ಅಂತ ಗೊತ್ತಿರುವುದಿಲ್ಲ. ಎಂಟು, ಒಂಬತ್ತರಲ್ಲಿ ಹಾಗಲ್ಲ, ಅಕ್ಷರ ನೋಡಿದರೆ ಸಾಕು, ಮುಖವೇ ಕಾಣುತ್ತದೆ. ಇಸ್ರೇಲಿನಲ್ಲಿ ವಿಕ್ಟರ್ ಲವಿ ಅನ್ನುವವರು ಈ ಎರಡು ಥರದ ಅಂಕಗಳನ್ನು ಹೋಲಿಸಿದರು. ಟೀಚರಿಗೆ ಮಕ್ಕಳು ಗೊತ್ತಿರುವ ಕಡೆ ಹುಡುಗರಿಗೇ ಅಂಕ ಕಡಿಮೆ ಬಿದ್ದಿತ್ತು, ಎಲ್ಲಾ ವಿಷಯದಲ್ಲೂ. ನಾವು ಈಗ ಹೆಸರಿನ ಜಾಗ ಮಡಚಿ ಸ್ಟೇಪಲ್ ಹಾಕಿ, ಎಂಟನೇ ಕ್ಲಾಸಿನ ಪೇಪರ್ ಅನ್ನು ಹತ್ತಿರದ ಇನ್ನೊಂದು ಶಾಲೆಯವರ ಜೊತೆ ಬದಲಾಯಿಸಿಕೊಳ್ಳುತ್ತೇವೆ. ಕೆಲಸ ಜಾಸ್ತಿ, ಗೊಣಗಾಟವೂ ಜಾಸ್ತಿ. (ಹತ್ತನೇ ಕ್ಲಾಸಿನ 20 ಅಂಕದ ಇಂಟರ್ನಲ್ ಬಗ್ಗೆ ಏನೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ.)

ಹುಡುಗಿಯರಿಗೆ ಮನೆಯಲ್ಲಿ ಕೊಯ್ಲಿನ ಕೆಲಸ ಬೇರೆ ಥರ. ರಾತ್ರಿ ಮೆಟ್ಟುಗತ್ತಿ ಮುಂದೆ ಅಮ್ಮನ ಜೊತೆ ಅಡಿಕೆ ಸುಲಿಯಲು ಕೂತವಳು ಬೆಳಿಗ್ಗೆ ಮೊದಲ ಪೀರಿಯಡ್‌ನಲ್ಲಿ ತೂಕಡಿಸುತ್ತಾಳೆ. ಬೆರಳ ತುದಿ ಕಪ್ಪಾಗಿರುತ್ತದೆ, ಕೇಳಬೇಕಾಗಿಯೇ ಇಲ್ಲ. ಆ ಮೂರು ತಿಂಗಳು ಗಣಿತದ ಹೋಂವರ್ಕ್ ಮನೆಗೆ ಕೊಡುವುದನ್ನೇ ನಿಲ್ಲಿಸಿದೆ. ಕೊನೆ ಪೀರಿಯಡ್‌ನಲ್ಲಿ ಇಲ್ಲೇ ಮುಗಿಸುವುದು.

ನಾನು ಸೋತ ಜಾಗ ಹತ್ತನೇ ಕ್ಲಾಸ್ ಆದ ಮೇಲಿನದು. ಗಣಿತದಲ್ಲಿ ಚೆನ್ನಾಗಿ ಬಂದ ಹುಡುಗಿ ಹತ್ತಿರದ ಪಿಯು ಕಾಲೇಜಿಗೆ ಆರ್ಟ್ಸ್‌ಗೆ ಸೇರುತ್ತಾಳೆ, ಯಾಕೆಂದರೆ ಅಲ್ಲಿ ಸೈನ್ಸ್ ಇಲ್ಲ. ಅವಳಿಗಿಂತ ಕಡಿಮೆ ಬಂದ ಅವಳ ಅಣ್ಣನನ್ನು ಶಿವಮೊಗ್ಗದಲ್ಲಿ ಹಾಸ್ಟೆಲಿಗೆ ಹಾಕಿ ಸೈನ್ಸ್ ಓದಿಸುತ್ತಾರೆ. ದೂರ ಅನ್ನುವುದು ಎಷ್ಟು ದೊಡ್ಡ ಗೋಡೆ ಅಂತ ಬಿಹಾರದ ಲೆಕ್ಕ ನೋಡಿದರೆ ತಿಳಿಯುತ್ತದೆ. ಅಲ್ಲಿ 2006ರಲ್ಲಿ ಹುಡುಗಿಯರಿಗೆ ಸೈಕಲ್ ಕೊಟ್ಟ ಮೇಲೆ ಹೈಸ್ಕೂಲ್ ದಾಖಲಾತಿ ಶೇ 32 ಹೆಚ್ಚಿತು, ಹುಡುಗರ ಜೊತೆಗಿದ್ದ ಅಂತರ ಶೇ 40 ಇಳಿಯಿತು. ನಮ್ಮ ರಾಜ್ಯದಲ್ಲೂ 2006-07ರಿಂದ ಎಂಟನೇ ಕ್ಲಾಸಿನ ಹುಡುಗಿಯರಿಗೆ, ಆಮೇಲೆ ಹುಡುಗರಿಗೂ ಸೈಕಲ್ ಬರುತ್ತಿತ್ತು, ಕೊರೋನಾ ಹೊತ್ತಿಗೆ ನಿಂತಿತು. ಏರಿನಲ್ಲಿ ತಳ್ಳಿಕೊಂಡು ಬಂದರೂ ಸೈಕಲ್ ಸೈಕಲ್ಲೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಫ್ರೀ ಬಸ್ ಇದೆ, ಆದರೆ ಅದು ಸರ್ಕಾರಿ ಬಸ್ಸಿಗೆ. ನಮ್ಮ ಕಡೆ ಓಡುವುದು ಜಾಸ್ತಿ ಪ್ರೈವೇಟು.

ಅದಕ್ಕೆ ಈಗ ಫಲಿತಾಂಶ ಬಂದ ವಾರ ಹುಡುಗಿಯರ ಅಪ್ಪ ಅಮ್ಮನನ್ನು ಕರೆದು ಕೂರಿಸಿದಾಗ ಸೈನ್ಸ್ ಒಳ್ಳೆಯದು, ಭವಿಷ್ಯ ಅಂತೆಲ್ಲ ಭಾಷಣ ಮಾಡುವುದಿಲ್ಲ. ಬಸ್ಸಿನ ಟೈಮು, ಹಾಸ್ಟೆಲ್ ಅರ್ಜಿ ಹಾಕುವ ಕೊನೆ ದಿನಾಂಕ, ಅದೇ ಊರಿನಿಂದ ಹೋದ ವರ್ಷ ಹೋದ ಹುಡುಗಿಯ ಅಮ್ಮನ ಫೋನ್ ನಂಬರ್, ಈ ಮೂರನ್ನು ಒಂದು ಹಾಳೆಯಲ್ಲಿ ಬರೆದು ಕೊಡುತ್ತೇನೆ. ಒಬ್ಬರೋ ಇಬ್ಬರೋ ಕಳಿಸುತ್ತಾರೆ.

ನಿಮ್ಮ ಶಾಲೆಯಲ್ಲಿ ಶುರು ಮಾಡುವುದಾದರೆ ಲ್ಯಾಬಿನಿಂದ ಶುರು ಮಾಡಿ, ನಾಳೆಯೇ ಆಗುತ್ತದೆ. ಹುಡುಗರ ವಿಷಯಕ್ಕೆ ಪಿಇ ಸಾರನ್ನು ಮೊದಲು ಒಪ್ಪಿಸಿಕೊಳ್ಳಿ, ಅವರಿಲ್ಲದೆ ಕೈ ಹಾಕಬೇಡಿ. ಟಾಯ್ಲೆಟ್ ಪೈಪು, ಡ್ರಮ್ಮಿನ ಕೆಲಸ ಮಾತ್ರ ಏಪ್ರಿಲ್, ಮೇನಲ್ಲೇ ಮುಗಿಸಿ. ಮಳೆ ಹಿಡಿದ ಮೇಲೆ ಪ್ಲಂಬರ್ ಫೋನ್ ಎತ್ತುವುದಿಲ್ಲ.